ಕೆ. ವೆಂಕಟಪ್ಪ

ಕೆ. ವೆಂಕಟಪ್ಪ (೧೮೮೬–೧೯೬೫) ಮೈಸೂರು ಸಂಸ್ಥಾನದ ಚಿತ್ರಕಲಾವಿದರು, ಉಬ್ಬುಶಿಲ್ಪಿಗಳು ಹಾಗೂ ವೈಣಿಕರು. ಅವನೀಂದ್ರನಾಥ ಠಾಕೂರರ ಶಿಷ್ಯರಲ್ಲಿ ಪ್ರಮುಖರಾದ ಇವರು ರಾಮಾಯಣದ ಪ್ರಸಂಗಗಳಿಗೆ ರಚಿಸಿದ ಗ್ರಂಥಚಿತ್ರಗಳಿಂದ ಮೊದಲಿಗೆ ಹೆಸರಾದರು.

ಜನನ ಮತ್ತು ಶಿಕ್ಷಣ

ವೆಂಕಟಪ್ಪನವರು ಮೈಸೂರಿನಲ್ಲಿ, ಅರಮನೆಯ ಆಶ್ರಯದಲ್ಲಿದ್ದ ಚಿತ್ರಗಾರರ ಮನೆತನದಲ್ಲಿ ಜನಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಮದರಾಸಿನಲ್ಲೂ ಅನಂತರ ೧೯೦೯ರಿಂದ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯಲ್ಲೂ ವ್ಯಾಸಂಗ ಮಾಡಿದರು. ಪರ್ಸಿ ಬ್ರೌನ್ ಅಲ್ಲಿನ ಪ್ರಾಂಶುಪಾಲರಾಗಿದ್ದರು; ನಂದಲಾಲ್ ಬೋಸ್ ಸಹಪಾಠಿಗಳಲ್ಲೊಬ್ಬರು.

ರಾಮಾಯಣದ ಚಿತ್ರಗಳು

ಸೋದರಿ ನಿವೇದಿತಾ ಆರಂಭಿಸಿ, ೧೯೧೧ರಲ್ಲಿ ಅವರು ನಿಧನರಾದ ಬಳಿಕ ಆನಂದ ಕುಮಾರಸ್ವಾಮಿಯವರು ಪೂರ್ಣಗೊಳಿಸಿದ ಹಿಂದೂ ಮತ್ತು ಬೌದ್ಧ ಪುರಾಣಕಥೆಗಳ ಇಂಗ್ಲಿಷ್ ಗ್ರಂಥವು ೧೯೧೩ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅವನೀಂದ್ರನಾಥರ ಮೇಲ್ವಿಚಾರಣೆಯಲ್ಲಿ ಸಿದ್ಧವಾದ ಅದರ ವರ್ಣಚಿತ್ರಗಳಲ್ಲಿ ರಾಮಾಯಣ ಭಾಗದ ಹಲವು ವೆಂಕಟಪ್ಪನವರ ರಚನೆಗಳು.

ಮೈಸೂರು ಸಂಪ್ರದಾಯದ ದೇವತಾಚಿತ್ರಗಳಲ್ಲಿ ಪಟ್ಟಾಭಿಷೇಕದಂತಹ ಮಂಗಳಕರ ವಸ್ತುಗಳಿಗೆ ಹೆಚ್ಚಿನ ಪ್ರಾಶಸ್ತ್ಯ. ಸಫೇದವನ್ನು ಅಂಟಿನೊಡನೆ ಕಲಸಿ ಉಬ್ಬುಗೆಲಸ ಮಾಡಿ, ಅದರ ಮೇಲೆ ಚಿನ್ನದ ರೇಕು ಹಚ್ಚುವುದು ಅದರ ಕ್ರಮ. ಕಲ್ಕತ್ತೆಯಲ್ಲಿ ಅವರು ಕಲಿತದ್ದು ಇದಕ್ಕೆ ಬಹುಮಟ್ಟಿಗೆ ವಿರುದ್ಧವಾದ ವಿಧಾನ. ಜಪಾನೀ ಕಲಾವಿದರ ಸಂಪರ್ಕದಿಂದ ಬಂಗಾಳದಲ್ಲಿ ಬೆಳೆದ ಈ ಪದ್ಧತಿಯಲ್ಲಿ ಬಣ್ಣ ಹಚ್ಚಿದ ಕಾಗದವನ್ನು ನೀರಿನಲ್ಲಿ ತೋಯಿಸಿ, ಮತ್ತೆ ಮತ್ತೆ ತೆಳುಬಣ್ಣ ಹಾಯಿಸಲಾಗುತ್ತದೆ; ಆಕೃತಿಗಳು ಮಬ್ಬಿನೊಳಗಿಂದ ಮೂಡಿದಂತೆ ಕಾಣುತ್ತವೆ. ಮಾರೀಚನ ಮರಣ, ರಾವಣ ಮತ್ತು ಜಟಾಯುವಿನ ಕಾಳಗ ಮುಂತಾದ ವಿಷಾದದ ಪ್ರಸಂಗಗಳಿಗೆ ಈ ವಿಧಾನ ವಿಶೇಷವಾಗಿ ಒದಗಿಬಂದಿತು. ಆದರೂ ಮನೆತನದಿಂದ ಬಂದ ಸೂಕ್ಷ್ಮ ರೇಖೆಯನ್ನು ಅವರು ಕೈಬಿಡಲಿಲ್ಲ. ಅರ್ಧನಾರೀಶ್ವರ ಚಿತ್ರದಲ್ಲಿಯೂ ಈ ಎರಡು ಪರಂಪರೆಗಳ ಕೂಡಿಕೆಯನ್ನು ಗುರುತಿಸಬಹುದು.

ಮೈಸೂರಿನಲ್ಲಿ

ಮೈಸೂರಿಗೆ ಮರಳಿದ ವೆಂಕಟಪ್ಪನವರು ವೀಣೆ ಶೇಷಣ್ಣನವರಲ್ಲಿ ವೀಣಾಭ್ಯಾಸ ಮಾಡಿದರು. ಸಂಗೀತದ ಸೆಳೆತವು ಕುಂಚಕ್ಕೇ ಎದುರಾಗುವಷ್ಟು ಪ್ರಬಲವಾಯಿತು. ವೀಣೆಯ ಹುಚ್ಚನ್ನು ಕುರಿತ ಅವರ ಚಿತ್ರವು ಈ ಒಳತೋಟಿಯನ್ನೇ ವಸ್ತುವಾಗುಳ್ಳ ಸಾಂಕೇತಿಕ ಆತ್ಮಚಿತ್ರ. ಊಟಿ ಮತ್ತು ಕೊಡೈಕೆನಾಲ್‌ಗಳ ನಿಸರ್ಗಚಿತ್ರಗಳು, ದಂತದ ಮೇಲಿನ ಕಿರುಭಾವಚಿತ್ರಗಳು ಇತರ ಪ್ರಮುಖ ಕೃತಿಗಳು. ಅವರು ಅವಿವಾಹಿತರಾಗಿಯೇ ಉಳಿದರು.

ಅರಮನೆಗಾಗಿ ಗಾರೆಯಲ್ಲಿ ಉಬ್ಬುಶಿಲ್ಪಗಳನ್ನು ರಚಿಸುವ ಕಾರ್ಯ ಕೃಷ್ಣರಾಜ ಒಡೆಯರ ಕಾಲದಲ್ಲಿ ಅವರಿಗೆ ದೊರೆಯಿತು. ೧೯೪೦ರಲ್ಲಿ ಒಡೆಯರು ನಿಧನರಾದ ಮೇಲೆ ಆ ಆಶ್ರಯ ಕಡಿದುಬಿತ್ತು. ಈ ಕೆಲಸದ ವಿಷಯವಾಗಿ ಉಂಟಾದ ವಿವಾದವು ನ್ಯಾಯಾಲಯದ ಮೆಟ್ಟಿಲೇರಿತು. ಅನಂತರ ಬೆಂಗಳೂರಿನಲ್ಲಿ ನೆಲೆಸಿದ ಅವರು ಚಿತ್ರರಚನೆಯಿಂದ ಬಹುಮಟ್ಟಿಗೆ ದೂರವಾದರು. ಕೇಂದ್ರ ಲಲಿತಕಲಾ ಅಕಾಡೆಮಿಯ ಫೆಲೋ ಗೌರವ ಅವರಿಗೆ ಸಂದದ್ದು ಇಳಿವಯಸ್ಸಿನಲ್ಲಿ. ೧೯೬೫ರಲ್ಲಿ ನಿಧನರಾದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ಸರ್ಕಾರಿ ಕಲಾ ಗ್ಯಾಲರಿಗೆ ಅವರ ಹೆಸರನ್ನಿಡಲಾಗಿದ್ದು, ಅವರ ಕೃತಿಗಳ ಸಂಗ್ರಹ ಅಲ್ಲಿದೆ.