ನಿಂದೆಯ ನಡುವೆ ಜಪಸರ ಹಿಡಿದ ಸಂತ ಜೋಸೆಫ್ ವಾಜ್

ನಮ್ಮ ಧರ್ಮಕೇಂದ್ರಕ್ಕೆ ನೂರು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ, ನಮ್ಮ ನಾಡಿಗೂ ಸಂಬಂಧಪಟ್ಟ ಪುಣ್ಯಪುರುಷರೊಬ್ಬರನ್ನು ಸ್ಮರಿಸುವುದು ಉಚಿತ. ಇಂದು ಹೊಸನಗರ ತಾಲ್ಲೂಕಿನಲ್ಲಿ ನಗರವೆಂದು ಕರೆಯಲ್ಪಡುವ ಬಿದನೂರು ಅಂದು ಕೆಳದಿ ಅರಸರ ರಾಜಧಾನಿಯಾಗಿತ್ತು. ಘಟ್ಟದ ಕೆಳಗಿನ ಕನ್ನಡ ಕರಾವಳಿಯೂ ಅವರ ಆಳ್ವಿಕೆಗೆ ಒಳಪಟ್ಟಿತ್ತು. ರಾಣಿ ಚೆನ್ನಮ್ಮಾಜಿಯ ಕಾಲದಲ್ಲಿ, 1681ರಲ್ಲಿ, ಗೋವೆಯಿಂದ ಆ ಕರಾವಳಿಗೆ ಬಂದ ಗುರುಗಳೇ ಸಂತ ಜೋಸೆಫ್ ವಾಜ್.

1651ರ ಏಪ್ರಿಲ್ 21ರಂದು ಗೋವೆಯ ಬೆನೌಲಿಮ್ ಗ್ರಾಮದಲ್ಲಿ ಜನಿಸಿದ ಅವರು 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ ತಮ್ಮನ್ನು ಮಾತೆ ಮರಿಯಳ ದಾಸನೆಂದು ಬರೆದುಕೊಟ್ಟು ಅರ್ಪಿಸಿಕೊಂಡರು. ದಾಸನಾದವನಿಗೆ ಸ್ವಂತ ಮಾನವೆಂಬುದಿಲ್ಲ. ಮುಂದೆ ಅವರು ಅವಮಾನಗಳನ್ನು ನುಂಗಿಕೊಂಡ ಗುಟ್ಟು ಈ ಅರ್ಪಣೆಯಲ್ಲಿಯೇ ಅಡಗಿದೆ.

ಮೊದಲ ಕಹಿ ಬಂದದ್ದು ಪರರಿಂದಲ್ಲ, ಸ್ವಂತ ಮನೆಯಿಂದ. ಕರಾವಳಿಯ ಕ್ರೈಸ್ತರು ಆಗ ಎರಡು ಪಕ್ಷಗಳಾಗಿ ಒಡೆದಿದ್ದರು. ಕೆಲವರು ಗೋವೆಯ ಧರ್ಮಾಧಿಕಾರವನ್ನು, ಕೆಲವರು ರೋಮಾಪುರಿಯಿಂದ ನೇಮಕಗೊಂಡ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರನ್ನು ಮಾನ್ಯಮಾಡುತ್ತಿದ್ದರು. ಗೋವೆಯಿಂದ ಬಂದ ವಾಜ್ ಗುರುಗಳು ಈ ಜಗಳದ ನಡುವೆ ಸಿಲುಕಿದರು. ಅವರಾದರೋ ಧರ್ಮಾಧ್ಯಕ್ಷರ ಗೌರವಕ್ಕೆ ಕುಂದು ತರಲಿಲ್ಲ, ತಮ್ಮನ್ನು ಕಳುಹಿಸಿದವರ ಆಜ್ಞೆಯನ್ನೂ ಮೀರಲಿಲ್ಲ. ಸಂಧಾನಕ್ಕೆ ಶ್ರಮಿಸುತ್ತ, ಹಳ್ಳಿಹಳ್ಳಿ ಸುತ್ತಿ ಸಂಸ್ಕಾರಗಳನ್ನು ನೀಡಿದರು. ವೈರಿಗಳು ರೋಗಿಯ ನೆಪದಲ್ಲಿ ಅವರನ್ನು ರಾತ್ರಿ ಮುಡಿಪು ಗುಡ್ಡಕ್ಕೆ ಕರೆಸಿದರೆಂದೂ, ಅವರು ಪ್ರಾರ್ಥಿಸಲು ಅಲ್ಲಿ ನೀರು ಚಿಮ್ಮಿತೆಂದೂ ಭಕ್ತರು ಇಂದಿಗೂ ನಂಬುತ್ತಾರೆ.

1684ರಲ್ಲಿ ಗೋವೆಗೆ ಮರಳಿದ ಅವರು 1687ರಲ್ಲಿ ಸಿಂಹಳದ ಜಾಫ್ನಾ ತಲುಪಿದರು. ಡಚ್ಚರು ಅಲ್ಲಿ ಕಥೋಲಿಕ ಧರ್ಮವನ್ನು ನಿಷೇಧಿಸಿದ್ದರು. ಭಿಕ್ಷುಕನ ವೇಷದಲ್ಲಿ, ಕೊರಳಿಗೆ ಜಪಸರ ಧರಿಸಿ ಮನೆಮನೆಗೆ ಅಲೆದು ಗುಪ್ತ ಕ್ರೈಸ್ತರನ್ನು ಹುಡುಕಿದರು. 1692ರಲ್ಲಿ ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಸುಳ್ಳು ಆರೋಪ ಹೊತ್ತು ಸೆರೆಯಾದರು. ಸೆರೆಯಲ್ಲಿಯೂ ಅವರು ಪ್ರಾರ್ಥನೆ ಬಿಡಲಿಲ್ಲ. ಸಿಂಹಳ ಭಾಷೆಯನ್ನು ಕಲಿತರು. ಹೀಗೆ ಸೆರೆಮನೆಯೇ ಅವರಿಗೆ ಗುರುಮಠವಾಯಿತು.

1697ರಲ್ಲಿ ಆ ನಗರವನ್ನು ಸಿಡುಬು ಆವರಿಸಿದಾಗ ಜನರು ರೋಗಿಗಳನ್ನು ತೊರೆದು ಓಡಿದರು. ತಮ್ಮನ್ನು ಬಂಧಿಸಿದ್ದ ಆ ಊರಿನ ರೋಗಿಗಳನ್ನು ವಾಜ್ ಗುರುಗಳು ಧರ್ಮಭೇದವೆಣಿಸದೆ ತೊಳೆದು, ಉಣಿಸಿ, ಸತ್ತವರನ್ನು ಮಣ್ಣುಮಾಡಿದರು. ನಿಂದಿಸಿದವರಿಗಾಗಿ ಮಾಡಿದ ಪ್ರಾರ್ಥನೆ ಕೈಗಳಿಗೆ ಇಳಿದದ್ದು ಹೀಗೆ. 1711ರ ಜನವರಿ 16ರಂದು ಅವರು ಕ್ಯಾಂಡಿಯಲ್ಲಿಯೇ ಪ್ರಭುವಿನಲ್ಲಿ ನಿದ್ರಿಸಿದರು. 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸ್ ಅವರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಪ್ರಿಯ ಕ್ರಿಸ್ತಬಂಧುಗಳೇ, ಭದ್ರಾವತಿಯ ಕಾರ್ಖಾನೆಗಳ ಆಸರೆಗೆ ಹಲವು ಭಾಷೆಗಳ ಕುಟುಂಬಗಳು ಬಂದು ನೆಲೆಸಿದ ಸೀಮೆ ನಮ್ಮದು. ಹೊರಗಿನವರ ಕಟುನುಡಿಯನ್ನು ನಾವು ಹೇಗೋ ಸಹಿಸುತ್ತೇವೆ. ಆದರೆ ಒಂದೇ ಪೀಠದ ಮುಂದೆ ಮಂಡಿಯೂರುವವನ ಒಂದು ಮಾತನ್ನು ವರ್ಷಗಟ್ಟಲೆ ಮರೆಯುವುದಿಲ್ಲ. ಮುಪ್ಪಿನತ್ತ ಸಾಗಿರುವ ಈ ಗುರುವೂ ಆ ದೋಷಕ್ಕೆ ಹೊರತಲ್ಲ. ಶತಮಾನೋತ್ಸವದ ಬಲಿಪೂಜೆಗೆ ಬರುವ ಮುನ್ನ, ನಮ್ಮನ್ನು ನೋಯಿಸಿದ ಒಬ್ಬರ ಹೆಸರು ಹಿಡಿದು ಜಪಸರದ ಒಂದು ಮಣಿಯನ್ನಾದರೂ ಅರ್ಪಿಸೋಣ. ಸಂತ ಜೋಸೆಫ್ ವಾಜರೇ, ನಮಗಾಗಿ ಪ್ರಾರ್ಥಿಸಿರಿ.