ಬರಿಗಾಲ ಆಟಗಾರ ಅಹಮದ್ ಖಾನ್

ಆಟದ ಬಯಲಿನಲ್ಲಿ ಕೀರ್ತಿ ಬಹು ಬೇಗ ಬರುತ್ತದೆ. ಬಂದಷ್ಟೇ ಬೇಗ ಹೋಗುತ್ತದೆ. ಒಂದು ಸಂಜೆ ಗೋಲು ಹೊಡೆದವನನ್ನು ಜನ ಹೆಗಲ ಮೇಲೆ ಹೊತ್ತು ಮೆರೆಸುತ್ತಾರೆ. ಮರುವಾರ ಅವನು ಎಡವಿದರೆ ಅದೇ ಜನ ಮುಖ ತಿರುಗಿಸುತ್ತಾರೆ. ಆದರೆ ಕೆಲವೇ ಕೆಲವು ಆಟಗಾರರ ಹೆಸರು ಒಂದು ಕ್ಲಬ್ಬಿನ ಹೆಸರಿನೊಡನೆ ಬೆಸೆದುಕೊಂಡು ಉಳಿದುಬಿಡುತ್ತದೆ. ಅವರ ಆಟವನ್ನು ಕಣ್ಣಾರೆ ಕಂಡವರು ಕಣ್ಮರೆಯಾದ ಮೇಲೂ ಆ ಕಥೆಯನ್ನು ತಂದೆ ಮಗನಿಗೆ, ಅಜ್ಜ ಮೊಮ್ಮಗನಿಗೆ ಹೇಳುತ್ತಾ ಬರುತ್ತಾರೆ. ಅಂತಹ ಸ್ಥಾನ ಬರಿಯ ಗೋಲುಗಳ ಲೆಕ್ಕದಿಂದ ದೊರೆಯುವುದೇ? ಬೆಂಗಳೂರಿನಲ್ಲಿ ಹುಟ್ಟಿ, ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನ ಅಭಿಮಾನಿಗಳಿಗೆ ಮನೆಮಗನಾದ ಅಹಮದ್ ಖಾನರ ಬದುಕು ಈ ಪ್ರಶ್ನೆಗೆ ಉತ್ತರ ಹೇಳುವಂತಿದೆ.

ಅಹಮದ್ ಖಾನರು ಜನಿಸಿದ್ದು 1926ರ ಡಿಸೆಂಬರ್ 24ರಂದು, ಬೆಂಗಳೂರಿನಲ್ಲಿ. ಅಂದಿನ ಬೆಂಗಳೂರು ಎರಡು ಊರುಗಳ ಕೂಡಲಿಯಂತಿತ್ತು. ಪೇಟೆ ಒಂದೆಡೆ, ಬ್ರಿಟಿಷರ ದಂಡು ಇನ್ನೊಂದೆಡೆ. ದಂಡಿನ ಬಯಲುಗಳಲ್ಲಿ ಸೈನಿಕರು ಆಡುತ್ತಿದ್ದ ಕಾಲ್ಚೆಂಡಾಟವನ್ನು ಸುತ್ತಲ ಬಡಾವಣೆಗಳ ಹುಡುಗರು ನೋಡಿ ಕಲಿತರು, ಕಲಿತು ತಮ್ಮದಾಗಿಸಿಕೊಂಡರು. ಅಹಮದರ ಮನೆಯಲ್ಲಂತೂ ಆಟವೇ ಉಸಿರಾಗಿತ್ತು. ತಂದೆ ಆಟಗಾರರು, ಒಡಹುಟ್ಟಿದವರೂ ಆಟಗಾರರು. ಅಂತಹ ಮನೆಯ ಹುಡುಗನಿಗೆ ಚೆಂಡು ಬೇರೆ ಯಾರೋ ತಂದುಕೊಟ್ಟ ಆಟಿಕೆಯಾಗಿರಲಿಲ್ಲ, ಮನೆತನದ ಆಸ್ತಿಯಾಗಿತ್ತು.

ಅಂದಿನ ನಮ್ಮ ಆಟಗಾರರಲ್ಲಿ ಬಹುಮಂದಿ ಬರಿಗಾಲಿನಲ್ಲಿ ಆಡುತ್ತಿದ್ದರು. ದೊಡ್ಡಬಳ್ಳಾಪುರದ ಬಳಿಯ ಮಧುರೆಯಂತಹ ಊರಿನ ಹುಡುಗನೊಬ್ಬ ಬೇಸಗೆಯಲ್ಲಿ ಬತ್ತಿದ ಕೆರೆಯಂಗಳದಲ್ಲಿ ಚೆಂಡನ್ನು ಒದೆಯುವಾಗ, ಅದರ ಒಂದೊಂದು ಹೊರಳನ್ನೂ ಅವನ ಬೆರಳುಗಳು ಅರಿಯುತ್ತವೆ. ಬೂಟು ತೊಟ್ಟ ಕಾಲಿಗೆ ಅಷ್ಟು ಸೂಕ್ಷ್ಮವಾದ ಅರಿವು ದಕ್ಕುವುದಿಲ್ಲ. ಅಹಮದರು ಪಡೆದದ್ದು ಈ ಬರಿಗಾಲಿನ ವಿದ್ಯೆಯನ್ನು. ಚೆಂಡು ಅವರ ಪಾದವನ್ನು ಬಿಟ್ಟು ಹೋಗಲು ಒಲ್ಲದೆಂಬಂತೆ ಜೊತೆಯಲ್ಲಿಯೇ ಸಾಗುತ್ತಿತ್ತು. ಎದುರಾಳಿ ಮುಂದೆ ಬಂದರೆ ಅತ್ತ ಹೋಗುವಂತೆ ಬಾಗಿ ಇತ್ತ ಜಾರುತ್ತಿದ್ದರು. ಮುಂದೆ ಅಭಿಮಾನಿಗಳು ಅವರನ್ನು ಹಾವಾಡಿಗನೆಂದು ಕರೆದದ್ದು ಈ ಕಾರಣದಿಂದಲೇ.

ಆ ಕಾಲದಲ್ಲಿ ಮೈಸೂರು ಸಂಸ್ಥಾನದ ಆಟಗಾರರ ಹೆಸರು ದೇಶದಲ್ಲೆಲ್ಲ ಕೇಳಿಬರುತ್ತಿತ್ತು. 1946-47ರ ಸಾಲಿನಲ್ಲಿ ಮೈಸೂರು ತಂಡ ಬಲಿಷ್ಠವಾದ ಬಂಗಾಳ ತಂಡವನ್ನು ಮಣಿಸಿ ಮೊದಲ ಬಾರಿಗೆ ಸಂತೋಷ್ ಟ್ರೋಫಿಯನ್ನು ಗೆದ್ದಿತು. 1947ರಲ್ಲಿ ದೇಶ ಸ್ವತಂತ್ರವಾಯಿತು. 1948ರಲ್ಲಿ ಲಂಡನ್ನಿನಲ್ಲಿ ನಡೆದ ಒಲಿಂಪಿಕ್ ಕ್ರೀಡಾಕೂಟಕ್ಕೆ ಭಾರತದ ಫುಟ್‌ಬಾಲ್ ತಂಡ ಮೊತ್ತಮೊದಲಿಗೆ ಹೊರಟಾಗ, ಇಪ್ಪತ್ತೊಂದರ ಹರೆಯದ ಅಹಮದ್ ಖಾನರೂ ಆ ತಂಡದಲ್ಲಿದ್ದರು.

ಜುಲೈ 31ರಂದು ಫ್ರಾನ್ಸಿನೊಡನೆ ಪಂದ್ಯ ನಡೆಯಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿಯೇ ಕಣಕ್ಕಿಳಿದಾಗ ನೆರೆದ ಇಂಗ್ಲಿಷ್ ಜನ ಬೆರಗಾದರು. ಆಟ ಸರಿಸಮವಾಗಿ ಸಾಗಿತು. ಭಾರತಕ್ಕೆ ಎರಡು ಪೆನಾಲ್ಟಿ ಒದೆತಗಳು ದೊರೆತವು, ಎರಡೂ ವ್ಯರ್ಥವಾದವು. ಮೈಸೂರಿನವರೇ ಆದ ಎಸ್. ರಾಮನ್ ಒಂದು ಗೋಲು ಹೊಡೆದು ಸಮ ಮಾಡಿದರು. ಅದು ಒಲಿಂಪಿಕ್ ಫುಟ್‌ಬಾಲಿನಲ್ಲಿ ಭಾರತದ ಪ್ರಥಮ ಗೋಲು. ಆದರೆ ಆಟ ಮುಗಿಯುವ ಹೊತ್ತಿಗೆ ಫ್ರಾನ್ಸ್ ಇನ್ನೊಂದು ಗೋಲು ಪಡೆದು 2-1ರಿಂದ ಗೆದ್ದಿತು. ಸೋತರೂ ಭಾರತದ ಬರಿಗಾಲ ಆಟಗಾರರು ತಲೆಯೆತ್ತಿಯೇ ಮರಳಿದರು. ಮರಳಿದವರನ್ನು ದೇಶದ ದೊಡ್ಡ ಕ್ಲಬ್ಬುಗಳು ಕಣ್ಣಿಟ್ಟು ನೋಡುತ್ತಿದ್ದವು. 1949ರಲ್ಲಿ ಅಹಮದ್ ಖಾನರು ಬೆಂಗಳೂರನ್ನು ಬಿಟ್ಟು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿದರು.

ಈ ಕ್ಲಬ್ಬಿನ ಹಿನ್ನೆಲೆಯನ್ನು ತಿಳಿಯದೆ ಅಹಮದರ ಹಿರಿಮೆ ತಿಳಿಯದು. ಕಲ್ಕತ್ತೆ ನಮ್ಮ ದೇಶದ ಫುಟ್‌ಬಾಲಿನ ತವರು. 1911ರಲ್ಲಿ ಅಲ್ಲಿನ ಮೋಹನ್ ಬಗಾನ್ ಕ್ಲಬ್ಬು ಈಸ್ಟ್ ಯಾರ್ಕ್‌ಷೈರ್ ಸೇನಾದಳವನ್ನು ಸೋಲಿಸಿ ಐ.ಎಫ್.ಎ. ಷೀಲ್ಡನ್ನು ಗೆದ್ದಾಗ, ಆಳುವವರನ್ನು ಆಟದಲ್ಲಿಯಾದರೂ ಮಣಿಸಬಹುದೆಂಬ ಧೈರ್ಯ ನಾಡಿಗೆಲ್ಲ ಹರಡಿತು. ಈಸ್ಟ್ ಬೆಂಗಾಲ್ ಕ್ಲಬ್ಬು ಹುಟ್ಟಿದ್ದು 1920ರ ಆಗಸ್ಟ್ 1ರಂದು. ಪೂರ್ವ ಬಂಗಾಳದ ಜಿಲ್ಲೆಗಳಿಂದ ಬಂದು ಕಲ್ಕತ್ತೆಯಲ್ಲಿ ನೆಲಸಿದ ಜನರ ಅಭಿಮಾನ ಅದರ ಕೆಂಪು ಮತ್ತು ಹೊನ್ನಿನ ಬಣ್ಣಗಳ ಅಂಗಿಯ ಸುತ್ತ ಬೆಳೆಯಿತು.

1947ರಲ್ಲಿ ದೇಶ ಇಬ್ಭಾಗವಾಯಿತು. ಪೂರ್ವ ಬಂಗಾಳ ಪಾಕಿಸ್ತಾನಕ್ಕೆ ಸೇರಿತು. ಲಕ್ಷಾಂತರ ಜನರು ಮನೆ, ಹೊಲ, ದೇವರಕೋಣೆಗಳನ್ನು ಬಿಟ್ಟು, ಕೈಗೆ ಸಿಕ್ಕಿದ ಗಂಟುಮೂಟೆಯೊಡನೆ ಕಲ್ಕತ್ತೆಗೆ ಬಂದರು. ಸಿಯಾಲ್ಡಾ ರೈಲು ನಿಲ್ದಾಣದ ಕಟ್ಟೆಯೇ ಎಷ್ಟೋ ಸಂಸಾರಗಳಿಗೆ ಮನೆಯಾಯಿತು. ತಮ್ಮ ಊರಿನ ಹೆಸರು ಹೇಳಿಕೊಳ್ಳಲು ನೆಲವೇ ಉಳಿಯದ ಈ ಜನರಿಗೆ, ಆ ಹೆಸರನ್ನು ಹೊತ್ತು ಮೈದಾನಕ್ಕಿಳಿಯುವ ಹನ್ನೊಂದು ಮಂದಿ ಆಟಗಾರರು ಎಷ್ಟು ದೊಡ್ಡ ಆಸರೆಯಾಗಿದ್ದಿರಬೇಕು! ಕ್ಲಬ್ಬು ಗೆದ್ದ ದಿನ ಅವರ ಮನೆಗಳಲ್ಲಿ ಪದ್ಮಾ ನದಿಯ ನೆನಪು ತರುವ ಇಲಿಷ್ ಮೀನಿನ ಅಡುಗೆ. ಸೋತ ದಿನ ಮೌನ.

ಇಂತಹ ಜನರ ನಡುವೆ ಅಹಮದ್ ಖಾನರು ಬಂದು ನಿಂತರು. ಅವರು ಬಂಗಾಳಿಯಲ್ಲ, ಅಲ್ಲಿನ ಭಾಷೆ ಅವರ ಮನೆಮಾತಲ್ಲ, ಅವರ ಮತವೂ ಬೇರೆ. ಆ ನಿರಾಶ್ರಿತರಲ್ಲಿ ಬಹುಪಾಲು ಹಿಂದುಗಳು; ಅಹಮದರು ಮುಸಲ್ಮಾನರು. ಅದು ಗಾಯಗಳು ಇನ್ನೂ ಮಾಯದ ಕಾಲ. 1950ರ ಮೊದಲ ತಿಂಗಳುಗಳಲ್ಲಿ ಎರಡೂ ಬಂಗಾಳಗಳಲ್ಲಿ ಮತ್ತೆ ಮತೀಯ ಗಲಭೆಗಳೆದ್ದು, ಏಪ್ರಿಲಿನಲ್ಲಿ ಎರಡು ದೇಶಗಳ ಪ್ರಧಾನಿಗಳು ಒಪ್ಪಂದ ಮಾಡಿಕೊಳ್ಳಬೇಕಾಯಿತು. ಸೇಡಿನ ಮಾತು ಸುಲಭವಾಗಿ ಹುಟ್ಟಬಹುದಾಗಿದ್ದ ಆ ದಿನಗಳಲ್ಲಿ ಮೈದಾನದ ಜನ ಬೇರೊಂದು ಮಾತನ್ನು ಹುಟ್ಟಿಸಿದರು.

ಅಂದಿನ ಆಟದ ಕ್ರಮದಲ್ಲಿ ತಂಡದ ಮುಂಚೂಣಿಯಲ್ಲಿ ಐವರು ಆಟಗಾರರಿರುತ್ತಿದ್ದರು. 1949ರಲ್ಲಿ ಈಸ್ಟ್ ಬೆಂಗಾಲಿನ ಮುಂಚೂಣಿ ಹೀಗೆ ಕೂಡಿಬಂತು: ಬಲ ಅಂಚಿನಲ್ಲಿ ವೆಂಕಟೇಶ್, ಅವರ ಒಳಬದಿಯಲ್ಲಿ ಅಪ್ಪಾರಾವ್, ನಡುವೆ ಧನರಾಜ್, ಎಡ ಒಳಬದಿಯಲ್ಲಿ ಅಹಮದ್ ಖಾನ್, ಎಡ ಅಂಚಿನಲ್ಲಿ ಸಾಲೇಹ್. ಐವರೂ ದಕ್ಷಿಣ ಭಾರತದವರು. ಮೂವರು ಒಂದು ಮತದವರು, ಇಬ್ಬರು ಇನ್ನೊಂದು ಮತದವರು. ಅಭಿಮಾನಿಗಳು ಈ ಐವರಿಗೂ ಸೇರಿ ಒಂದೇ ಹೆಸರಿಟ್ಟರು: ಪಂಚಪಾಂಡವರು. ವನವಾಸದ ಕಥೆಯನ್ನು ಕೇಳುತ್ತಾ ಬೆಳೆದ ಜನ, ತಾವೇ ವನವಾಸಕ್ಕೆ ಬಿದ್ದಾಗ, ದೂರದ ಊರುಗಳಿಂದ ಬಂದ ಈ ಐವರನ್ನು ತಮ್ಮ ಪಾಂಡವರೆಂದು ಸ್ವೀಕರಿಸಿದರು. ಅವರಲ್ಲಿ ಅಹಮದರೂ ಒಬ್ಬರು, ಸಾಲೇಹರೂ ಒಬ್ಬರು ಎಂಬುದನ್ನು ನಾವು ಮರೆಯಬಾರದು.

ಒಳಬದಿಯ ಆಟಗಾರನ ಕೆಲಸ ಹೊರಗಿನ ಕಣ್ಣಿಗೆ ಅಷ್ಟಾಗಿ ಕಾಣಿಸುವುದಿಲ್ಲ. ಹಿಂದಿನವರಿಂದ ಚೆಂಡನ್ನು ಪಡೆದು, ಎದುರಾಳಿಗಳನ್ನು ತನ್ನ ಕಡೆಗೆ ಸೆಳೆದು, ತೆರವಾದ ಜಾಗಕ್ಕೆ ಓಡುವ ಜೊತೆಗಾರನಿಗೆ ಅದನ್ನು ತಕ್ಕ ಗಳಿಗೆಯಲ್ಲಿ ದಾಟಿಸುವುದು ಅವನ ಹೊಣೆ. ಒಂದು ಕ್ಷಣ ಮುಂಚೆ ಕೊಟ್ಟರೆ ಜೊತೆಗಾರ ತಲುಪಲಾರ. ಒಂದು ಕ್ಷಣ ತಡವಾದರೆ ದಾರಿ ಮುಚ್ಚಿರುತ್ತದೆ. ಗೋಲು ಹೊಡೆದವನಿಗೆ ಚಪ್ಪಾಳೆ. ದಾರಿ ಮಾಡಿದವನಿಗೆ ಬಲ್ಲವರ ಮೆಚ್ಚುಗೆ. ಅಹಮದರಿಗೆ ಈ ಎರಡನೆಯದು ಸಾಕಾಗಿತ್ತು. ಕಲ್ಕತ್ತೆಯ ಫುಟ್‌ಬಾಲ್ ಕಾಲವೆಂದರೆ ಮಳೆಗಾಲ. ಅಂದಿನ ತೊಗಲಿನ ಚೆಂಡು ನೀರು ಕುಡಿದು ಕಲ್ಲಿನಂತಾಗುತ್ತಿತ್ತು, ನೆಲ ಕೆಸರಾಗುತ್ತಿತ್ತು. ಆ ಕೆಸರಿನಲ್ಲಿ ಬರಿಗಾಲಿನಿಂದ ಅಂತಹ ಚೆಂಡನ್ನು ನಯವಾಗಿ ನಡೆಸುವುದು ಸಾಮಾನ್ಯ ಸಾಧನೆಯಲ್ಲ.

ಫಲ ಬೇಗನೆ ದೊರೆಯಿತು. 1949ರಲ್ಲಿ ಈಸ್ಟ್ ಬೆಂಗಾಲ್ ಕಲ್ಕತ್ತಾ ಲೀಗ್, ಐ.ಎಫ್.ಎ. ಷೀಲ್ಡ್ ಮತ್ತು ಮುಂಬಯಿಯ ರೋವರ್ಸ್ ಕಪ್ ಮೂರನ್ನೂ ಗೆದ್ದಿತು. 1950ರಲ್ಲಿ ಲೀಗನ್ನೂ ಷೀಲ್ಡನ್ನೂ ಮತ್ತೆ ತನ್ನದಾಗಿಸಿಕೊಂಡಿತು. 1951ರಲ್ಲಿ ಸತತ ಮೂರನೆಯ ಬಾರಿ ಷೀಲ್ಡನ್ನು ಎತ್ತಿತು. ಅದುವರೆಗೆ ಯಾವ ಭಾರತೀಯ ಕ್ಲಬ್ಬಿಗೂ ಅದು ಸಾಧ್ಯವಾಗಿರಲಿಲ್ಲ. 1951 ಮತ್ತು 1952ರಲ್ಲಿ ದೆಹಲಿಯ ಡುರಾಂಡ್ ಕಪ್ಪೂ ಅದರ ಪಾಲಾಯಿತು. 1951ರ ಮಾರ್ಚಿಯಲ್ಲಿ ದೆಹಲಿಯಲ್ಲಿ ನಡೆದ ಪ್ರಥಮ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು ಒಂದು ಗೋಲಿನಿಂದ ಸೋಲಿಸಿ ಚಿನ್ನದ ಪದಕ ಪಡೆದ ಭಾರತ ತಂಡದಲ್ಲಿಯೂ ಅಹಮದರಿದ್ದರು.

ಏರಿದವನಿಗೆ ಇಳಿಜಾರೂ ಕಾದಿರುತ್ತದೆ. 1952ರಲ್ಲಿ ಹೆಲ್ಸಿಂಕಿಯ ಒಲಿಂಪಿಕ್ಸಿನಲ್ಲಿ ಭಾರತ ಯುಗೋಸ್ಲಾವಿಯವನ್ನು ಎದುರಿಸಿತು. ಆ ತಂಡ ಮುಂದೆ ಅಂತಿಮ ಪಂದ್ಯದವರೆಗೆ ಹೋಗಿ ಬೆಳ್ಳಿಯ ಪದಕ ಗಳಿಸಿದ ಬಲಶಾಲಿ ತಂಡ. ಉತ್ತರ ದೇಶದ ಚಳಿಯಲ್ಲಿ ನಮ್ಮ ಬರಿಗಾಲ ಆಟ ನಡೆಯಲಿಲ್ಲ. ಗೋಲಿನ ಮೇಲೆ ಗೋಲು ಬಿದ್ದು ಎಣಿಕೆ ಹತ್ತಕ್ಕೆ ಏರಿತು. ಗೆಲುವಿನ ಆಸೆ ಎಂದೋ ಹೋಗಿತ್ತು. ಆಟ ಮುಗಿಯಲು ಒಂದೆರಡು ನಿಮಿಷಗಳು ಉಳಿದಿದ್ದವು. ಆಗ ಭಾರತದ ಪರವಾಗಿ ಒಂದು ಗೋಲು ಬಂತು. ಅದನ್ನು ಹೊಡೆದವರು ಅಹಮದ್ ಖಾನರು. ಹತ್ತು ಗೋಲುಗಳ ಎದುರಿಗೆ ಆ ಒಂದು ಗೋಲಿನಿಂದ ಏನು ಪ್ರಯೋಜನ ಎಂದು ಕೇಳಬಹುದು. ಪಂದ್ಯಕ್ಕೆ ಪ್ರಯೋಜನವಿಲ್ಲ. ಆದರೆ ಸೋಲು ಖಚಿತವಾದ ಮೇಲೂ ಕೊನೆಯ ಸೀಟಿಯವರೆಗೆ ಆಡುವವನು ಯಾರೆಂಬುದು ಅಂದು ತಿಳಿಯಿತು. ಈ ಸೋಲಿನ ಬಳಿಕ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಆಟಗಾರರಿಗೆ ಬೂಟನ್ನು ಕಡ್ಡಾಯ ಮಾಡಿತು. ಬಾಲ್ಯದಿಂದ ಬಂದ ಅಭ್ಯಾಸವನ್ನು ಬಿಟ್ಟು ಹೊಸದನ್ನು ರೂಢಿಸಿಕೊಳ್ಳುವುದು ಕಷ್ಟ. ಅಹಮದರು ಅದನ್ನೂ ರೂಢಿಸಿಕೊಂಡು ಆಟ ಮುಂದುವರಿಸಿದರು.

ನಿಜವಾದ ಪರೀಕ್ಷೆ ಇನ್ನು ಮುಂದೆ ಬಂತು. 1953ರ ಬಳಿಕ ಪಂಚಪಾಂಡವರ ಕೂಟ ಒಡೆಯಿತು. ಐದು ವರ್ಷಗಳ ವೈಭವ ಮುಗಿಯಿತು. ಕಲ್ಕತ್ತೆಯಲ್ಲಿ ಪ್ರತಿವರ್ಷವೂ ಆಟಗಾರರು ಒಂದು ಕ್ಲಬ್ಬನ್ನು ಬಿಟ್ಟು ಇನ್ನೊಂದಕ್ಕೆ ಹೋಗಲು ಅವಕಾಶವಿತ್ತು; ಒಳ್ಳೆಯ ಆಟಗಾರನಿಗೆ ಕರೆಗಳೂ ಕಡಿಮೆಯಿರಲಿಲ್ಲ. 1952ರಲ್ಲಿ ಲೀಗ್ ಗೆದ್ದ ಈಸ್ಟ್ ಬೆಂಗಾಲ್ ಅದನ್ನು ಮತ್ತೆ ಗೆದ್ದದ್ದು 1961ರಲ್ಲಿ. ನಡುವಿನ ವರ್ಷಗಳಲ್ಲಿ ಬಹುಬಾರಿ ಎದುರಾಳಿಯಾದ ಮೋಹನ್ ಬಗಾನಿನ ಕೊರಳಿಗೆ ಮಾಲೆ ಬೀಳುವುದನ್ನು ಅಭಿಮಾನಿಗಳು ನೋಡಬೇಕಾಯಿತು. ಹೊಳೆ ತುಂಬಿದಾಗ ದಡದಲ್ಲಿ ನೂರು ಜನ. ಬತ್ತಿದಾಗ ಯಾರೂ ಇಲ್ಲ. ಆದರೆ ಅಹಮದ್ ಖಾನರು 1959ರವರೆಗೂ ಅದೇ ಕೆಂಪು ಹೊನ್ನಿನ ಅಂಗಿಯಲ್ಲಿ ಉಳಿದರು. 1956ರಲ್ಲಿ ಡುರಾಂಡ್ ಕಪ್, 1958ರಲ್ಲಿ ಮತ್ತೆ ಐ.ಎಫ್.ಎ. ಷೀಲ್ಡ್ ಕ್ಲಬ್ಬಿಗೆ ಬಂದಾಗ, ಹಳೆಯ ದಿನಗಳ ಆ ಹಾವಾಡಿಗ ತಮ್ಮೊಡನೆಯೇ ಇದ್ದಾನೆಂಬುದು ಜನರಿಗೆ ಗೆಲುವಿನಷ್ಟೇ ಸಂತೋಷದ ಸಂಗತಿಯಾಗಿತ್ತು.

ಆಟದಿಂದ ನಿವೃತ್ತರಾದ ಅಹಮದರು ತಮ್ಮ ಹುಟ್ಟೂರಾದ ಬೆಂಗಳೂರಿನಲ್ಲಿ ಬಾಳಿದರು. ಅವರು ಆಡಿದ ಕಾಲದಲ್ಲಿ ಆಟದಿಂದ ಸಂಪತ್ತು ಕೂಡಿಬರುತ್ತಿರಲಿಲ್ಲ. ಪರದೆಯ ಮೇಲೆ ಮತ್ತೆ ಮತ್ತೆ ನೋಡಲು ಅವರ ಆಟದ ಚಿತ್ರಗಳೂ ಉಳಿದದ್ದು ಕಡಿಮೆ. 2017ರ ಆಗಸ್ಟ್ 27ರಂದು, ತೊಂಬತ್ತು ವರ್ಷಗಳ ತುಂಬು ಬಾಳನ್ನು ಮುಗಿಸಿ ಅವರು ಬೆಂಗಳೂರಿನಲ್ಲಿಯೇ ಕಣ್ಮುಚ್ಚಿದರು. ಪಂಚಪಾಂಡವರ ಹೆಸರು ಮಾತ್ರ ಕಲ್ಕತ್ತೆಯ ಮೈದಾನದಲ್ಲಿ ಉಳಿಯಿತು. 2020ರಲ್ಲಿ ಕ್ಲಬ್ಬಿಗೆ ನೂರು ವರ್ಷ ತುಂಬಿತು. ಆ ನೂರು ವರ್ಷಗಳ ಕಥೆಯನ್ನು ಆ ಐವರ ಹೆಸರಿಲ್ಲದೆ ಹೇಳುವುದು ಸಾಧ್ಯವಿಲ್ಲ.

ಅಹಮದ್ ಖಾನರಿಗಿಂತ ಹೆಚ್ಚು ಗೋಲು ಹೊಡೆದವರುಂಟು. ಹೆಚ್ಚು ಪಂದ್ಯಗಳನ್ನು ಆಡಿದವರೂ ಉಂಟು. ಆದರೂ ಒಂದು ಕ್ಲಬ್ಬು ಅವರನ್ನು ತನ್ನವರೆಂದು ಎದೆಗೊತ್ತಿಕೊಂಡಿತು. ಅವರು ಕೀರ್ತಿಯ ಚೆಂಡನ್ನು ತಾವೇ ಹಿಡಿದಿಟ್ಟುಕೊಳ್ಳದೆ ಜೊತೆಗಾರರಿಗೆ ದಾಟಿಸಿದರು. ಗೆಲುವಿನ ವರ್ಷಗಳಲ್ಲಿ ಬಂದವರು ಬರಗಾಲದ ವರ್ಷಗಳಲ್ಲಿಯೂ ಬಿಟ್ಟುಹೋಗಲಿಲ್ಲ. ಮನೆ ಕಳೆದುಕೊಂಡ ಜನರ ನೋವನ್ನು ಅವರ ಭಾಷೆಯಲ್ಲಿ ಸಂತೈಸಲು ತಿಳಿಯದಿದ್ದರೂ, ಆಟದ ಭಾಷೆಯಲ್ಲಿ ಸಂತೈಸಿದರು. ಆ ಜನರೂ ಆಟಗಾರನ ಊರನ್ನಾಗಲಿ ಮತವನ್ನಾಗಲಿ ಕೇಳದೆ ಅವನ ಪ್ರೀತಿಯನ್ನು ಗುರುತಿಸಿದರು. ಆಟಗಾರ ಕೊಟ್ಟ ನಿಷ್ಠೆಯೂ ಜನ ಮರಳಿ ಕೊಟ್ಟ ನಂಬಿಕೆಯೂ ಸೇರಿದಲ್ಲಿ ಮಾತ್ರ ಒಂದು ಹೆಸರು ಅಳಿಯದೆ ನಿಲ್ಲುತ್ತದೆ. ಬೆಂಗಳೂರಿನ ಬಯಲಿನಲ್ಲಿ ಬರಿಗಾಲಿನಿಂದ ಆಟ ಕಲಿತ ಹುಡುಗ ಸುಮಾರು ಸಾವಿರ ಮೈಲಿ ದೂರದ ಜನರ ಪಾಂಡವನಾದದ್ದು ಹೀಗೆ.