ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ರಮಾಬಾಯಿ, ಕೊನೆಗೆ ನೆಮ್ಮದಿ ಕಂಡಿದ್ದು ಎಲ್ಲಿ?

ಕಾರ್ಕಳ: ಮಾಳ ಘಾಟಿ ಹತ್ತಿ ಕುದುರೆಮುಖದ ಕಡೆ ಹೋಗೋರಿಗೆಲ್ಲ ಗಂಗಾಮೂಲ ಗೊತ್ತು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಜಾಗ. ಪಂಡಿತಾ ರಮಾಬಾಯಿ ಹುಟ್ಟಿದ್ದೂ ಇದೇ ಕಾಡಿನಲ್ಲಿ, 1858ರ ಏಪ್ರಿಲ್ 23ರಂದು ಅನ್ನೋದು ಬಹಳ ಜನರಿಗೆ ಗೊತ್ತಿಲ್ಲ.

ತಂದೆ ಅನಂತಶಾಸ್ತ್ರಿ ಡೋಂಗ್ರೆ ಮಾಳದವರು, ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕೆ ಸ್ವಂತ ಜನರಿಂದಲೇ ವಿರೋಧ ಬಂತು. ಕಾಡಿನಲ್ಲಿ ಮನೆ ಕಟ್ಟಿಕೊಂಡು ಶಿಷ್ಯರಿಗೆ ಪಾಠ ಹೇಳ್ತಿದ್ದರು. ರಮಾಬಾಯಿ ಇನ್ನೂ ಹಸುಗೂಸಾಗಿದ್ದಾಗಲೇ ಕುಟುಂಬ ಮನೆ ಬಿಟ್ಟು ತೀರ್ಥಯಾತ್ರೆ ಹೊರಟಿತು. ಊರೂರು ಅಲೆದು ಪುರಾಣ ಹೇಳೋದೇ ಜೀವನ. ತಾಯಿಯೇ ಮಗಳಿಗೆ ಗುರು.

ಬರಗಾಲ ಎಲ್ಲವನ್ನೂ ಕಿತ್ತುಕೊಂಡಿತು

1870ರ ದಶಕದ ಬರದಲ್ಲಿ ಕೈಯಲ್ಲಿದ್ದದ್ದೆಲ್ಲ ಖರ್ಚಾಯ್ತು. ಉಪವಾಸ, ವ್ರತ, ದಾನ ಯಾವುದನ್ನೂ ಬಿಟ್ಟಿರಲಿಲ್ಲ. ಕಾಡಿನ ಹಣ್ಣು, ಎಲೆ ತಿಂದು ದಿನ ದೂಡಿದರು. ಸ್ವಲ್ಪ ಕಾಲದಲ್ಲೇ ತಂದೆ, ತಾಯಿ, ಅಕ್ಕ ಮೂವರೂ ತೀರಿಕೊಂಡರು. ಉಳಿದಿದ್ದು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ.

ಇಬ್ಬರೂ ನಡೆದೂ ನಡೆದೂ 1878ರಲ್ಲಿ ಕಲ್ಕತ್ತಾ ಸೇರಿದರು. ಇಪ್ಪತ್ತರ ಹುಡುಗಿಯ ಪಾಂಡಿತ್ಯ ನೋಡಿ ಅಲ್ಲಿನ ವಿದ್ವಾಂಸರು ಪಂಡಿತಾ, ಸರಸ್ವತಿ ಅಂತ ಬಿರುದು ಕೊಟ್ಟರು. ಹೆಸರು ಬಂತು, ನೆಮ್ಮದಿ ಬರಲಿಲ್ಲ. 1880ರಲ್ಲಿ ಅಣ್ಣ ಹೋದರು. ಅದೇ ವರ್ಷ ಜಾತಿ ಮೀರಿ ಬಂಗಾಳಿ ವಕೀಲ ಬಿಪಿನ್ ಬಿಹಾರಿಯವರನ್ನು ಮದುವೆಯಾದರು. 1882ರಲ್ಲಿ ಕಾಲರಾಕ್ಕೆ ಗಂಡನೂ ಬಲಿಯಾದರು. ಕಂಕುಳಲ್ಲಿ ಪುಟ್ಟ ಮಗಳು ಮನೋರಮಾ, ವಯಸ್ಸು ಇಪ್ಪತ್ತನಾಲ್ಕೂ ತುಂಬಿರಲಿಲ್ಲ.

ದೀಕ್ಷೆ ಆಯ್ತು, ನೆಮ್ಮದಿ ತಡವಾಯ್ತು

ಪುಣೆಯಲ್ಲಿ ಆರ್ಯ ಮಹಿಳಾ ಸಮಾಜ ಕಟ್ಟಿ, 1883ರಲ್ಲಿ ಇಂಗ್ಲೆಂಡಿಗೆ ಹೋದರು. ಅಲ್ಲಿ ಕ್ರೈಸ್ತ ಸನ್ಯಾಸಿನಿಯರು ಬೀದಿಪಾಲಾದ ಹೆಂಗಸರನ್ನು ಮರ್ಯಾದೆಯಿಂದ ನೋಡಿಕೊಳ್ಳೋದು ಅವರ ಮನಸ್ಸಿಗೆ ನಾಟಿತು. ಅದೇ ವರ್ಷ ಸೆಪ್ಟೆಂಬರ್ 29ರಂದು ಮಗಳ ಜೊತೆ ದೀಕ್ಷಾಸ್ನಾನ ಪಡೆದರು. ಆದರೆ ಗುರುಗಳು ಹೇಳಿದ್ದಕ್ಕೆಲ್ಲ ತಲೆಯಾಡಿಸಲಿಲ್ಲ. ಸಿದ್ಧಾಂತದ ವಿಷಯದಲ್ಲಿ ಅಲ್ಲಿಯವರ ಜೊತೆಗೂ ವಾದ ನಡೆದೇ ಇತ್ತು.

ಮುಂದೆ ರಮಾಬಾಯಿ ತಾವೇ ಬರೆದುಕೊಂಡ ಪ್ರಕಾರ, 1883ರಲ್ಲಿ ಸಿಕ್ಕಿದ್ದು ಧರ್ಮ ಮಾತ್ರ, ಕ್ರಿಸ್ತ ಸಿಕ್ಕಿದ್ದು ಎಂಟು ವರ್ಷ ಆದ ಮೇಲೆ. ಬುದ್ಧಿ ಒಪ್ಪಿತ್ತು, ಮನಸ್ಸಿನ ಭಾರ ಇಳಿದಿರಲಿಲ್ಲ. ವಿಲಿಯಂ ಹ್ಯಾಸ್ಲಂ ಅನ್ನೋ ಇಂಗ್ಲಿಷ್ ಪಾದ್ರಿಯ ಜೀವನಕಥೆ ಓದಿದಾಗ ತಮ್ಮ ಸ್ಥಿತಿಯೂ ಅದೇ ಅಂತ ಗೊತ್ತಾಯ್ತು. ವ್ರತದಿಂದಾಗಲಿ ಪಾಂಡಿತ್ಯದಿಂದಾಗಲಿ ಗಳಿಸೋಕೆ ಏನೂ ಇಲ್ಲ, ಇದ್ದ ಹಾಗೇ ದೇವರ ಕೈಗೆ ಒಪ್ಪಿಸಿಕೊಳ್ಳೋದೇ ದಾರಿ ಅನ್ನೋದು 1891ರ ಸುಮಾರಿಗೆ ಅವರಿಗೆ ದಕ್ಕಿದ ಅರಿವು. ಹುಟ್ಟಿದಾಗಿನಿಂದ ನಡೆದೇ ಬಂದ ಹೆಂಗಸಿನ ಮನಸ್ಸು ಆಗ ಕೂತು ದಣಿವಾರಿಸಿಕೊಂಡಿತು.

ನಂಬಿಕೆಗೆ ಪರೀಕ್ಷೆ

ಪರೀಕ್ಷೆ ಬೇಗನೇ ಬಂತು. 1889ರಲ್ಲಿ ಮುಂಬೈಯಲ್ಲಿ ಶುರು ಮಾಡಿ, ಮರುವರ್ಷ ಪುಣೆಗೆ ತಂದಿದ್ದ ವಿಧವೆಯರ ಶಾಲೆ ಶಾರದಾ ಸದನದಲ್ಲಿ ಹುಡುಗಿಯರು ರಮಾಬಾಯಿ ಪ್ರಾರ್ಥನೆಗೆ ಬಂದು ಕೂರ್ತಾರೆ ಅಂತ 1893ರಲ್ಲಿ ಗದ್ದಲವಾಯ್ತು. ಪತ್ರಿಕೆಗಳು ಮತಾಂತರದ ಆರೋಪ ಮಾಡಿದವು. ಬೆನ್ನಿಗೆ ನಿಂತಿದ್ದ ರಾನಡೆ, ಭಂಡಾರ್ಕರ್ ಅಂಥವರೂ ಹಿಂದೆ ಸರಿದರು. ಹಲವು ಹುಡುಗಿಯರನ್ನು ಮನೆಯವರು ಬಿಡಿಸಿಕೊಂಡು ಹೋದರು. ರಮಾಬಾಯಿ ಪ್ರಾರ್ಥನೆಯನ್ನೂ ನಿಲ್ಲಿಸಲಿಲ್ಲ, ಕೋಣೆಯ ಬಾಗಿಲನ್ನೂ ಹಾಕಲಿಲ್ಲ.

1896-97ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಭೀಕರ ಬರ ಬಿತ್ತು. ಹಸಿವು ಏನು ಅಂತ ಗೊತ್ತಿದ್ದ ರಮಾಬಾಯಿ ತಾವೇ ಹೋಗಿ, ಅನಾಥ ಹುಡುಗಿಯರನ್ನು, ವಿಧವೆಯರನ್ನು ನೂರಾರು ಸಂಖ್ಯೆಯಲ್ಲಿ ಕರೆತಂದರು. ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಸದನ ಎದ್ದಿತು. ಆಮೇಲೆ ಗುಜರಾತಿನ ಬರ. 1900ರ ಹೊತ್ತಿಗೆ ಅಲ್ಲಿದ್ದವರು ಸುಮಾರು 1,500 ಜನ. ಅಷ್ಟು ಜನಕ್ಕೆ ದಿನಾ ಊಟ ಹಾಕೋದು ಅಂದ್ರೆ ಏನು ಅಂತ ದಿನಸಿ ಅಂಗಡಿ, ಹೋಟೆಲ್ ನಡೆಸೋರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟು ಜನಕ್ಕೆ ಸಾಲುವಷ್ಟು ಖಾಯಂ ಆದಾಯ ಇರಲಿಲ್ಲ. ನಾಳೆಯದನ್ನು ದೇವರು ನೋಡ್ಕೊಳ್ತಾನೆ ಅನ್ನೋದು ರಮಾಬಾಯಿಯ ಲೆಕ್ಕ.

ಹಾಗಂತ ಕೈಕಟ್ಟಿ ಕೂರಲಿಲ್ಲ. ತೋಟ, ಹೈನುಗಾರಿಕೆ, ಮಗ್ಗ, ಮುದ್ರಣಾಲಯ ಎಲ್ಲವನ್ನೂ ಹೆಂಗಸರೇ ನಡೆಸಿದರು. ಕಣ್ಣು ಕಾಣದವರಿಗೆ ಬ್ರೈಲ್ ಕಲಿಸಿದರು. ಆಗ ನಿಜಾಮರ ಸೀಮೆಯಲ್ಲಿದ್ದ ಗುಲ್ಬರ್ಗದಲ್ಲೂ ಶಾಲೆ ತೆರೆದರು. ಅದರ ಹೊಣೆ ಹೊತ್ತವರು ಮಗಳು ಮನೋರಮಾ.

ಕೊನೆಯ ವರ್ಷಗಳಲ್ಲಿ ಕಿವಿ ಸರಿಯಾಗಿ ಕೇಳಿಸ್ತಿರಲಿಲ್ಲ. ಆದರೂ ಹೀಬ್ರೂ, ಗ್ರೀಕ್ ಕಲಿತು, ಹಳ್ಳಿ ಹೆಂಗಸರಿಗೂ ಅರ್ಥವಾಗುವ ಮರಾಠಿಗೆ ಬೈಬಲ್ ಅನುವಾದಿಸಿದರು. ಕೆಲಸ ಇನ್ನೂ ಬಾಕಿ ಇದ್ದಾಗ, 1921ರಲ್ಲಿ, ಮನೋರಮಾ ತೀರಿಕೊಂಡರು. ಇದ್ದ ಒಬ್ಬಳೇ ಮಗಳು. ರಮಾಬಾಯಿ ಮತ್ತೆ ಕರಡು ತಿದ್ದೋಕೆ ಕೂತರು, ಮುಗಿಸಿದರು. 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು. ಕೇಡಗಾಂವ್‌ನ ಮುಕ್ತಿ ಇವತ್ತಿಗೂ ನಡೀತಿದೆ.